ಸ್ಟೂಲಿನ ಸೀಟಿಗೆ ಸೆಣಬು, ಕತ್ತಾಳೆ, ಎಪಾಕ್ಸಿ: ಕಟ್ಟುವ ಮುಂಚೆ ಮುರಿದು ನೋಡಿದ್ದು

ಸೆಣಬಿನ ಒಂಟಿ ಎಳೆಯ ಬಲ ಸುಮಾರು 400ರಿಂದ 800 ಮೆಗಾಪಾಸ್ಕಲ್ (ಒಂದು ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಅನ್ನುವ ಅಳತೆ). ಅದೇ ಸೆಣಬಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ (ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು ರೆಸಿನ್) ಕೂರಿಸಿ ಹಲಗೆ ಮಾಡಿ, ಬಗ್ಗಿಸಿ ಮುರಿದರೆ ಸಿಗುವುದು 100ರ ಆಸುಪಾಸು. ಉಳಿದ ಬಲ ಎಲ್ಲಿ ಹೋಯಿತು? ಸ್ಟೂಲಿನ ಪ್ಲಾಸ್ಟಿಕ್ ಸೀಟು ನಡುವೆ ಸೀಳಿತ್ತು, ಕಬ್ಬಿಣದ ಕಾಲುಗಳು ಮತ್ತು ಮೇಲಿನ ಬಳೆ ಗಟ್ಟಿಯಾಗಿಯೇ ಇದ್ದವು. ಹೊಸ ಸೀಟನ್ನು ಗಿಡದ ನಾರು ಹಾಕಿದ ಪ್ಲಾಸ್ಟಿಕ್ಕಿನಲ್ಲೇ ಮಾಡೋಣ ಅಂತ ಹೊರಟೆ. ಮೇಲೆ ಮನುಷ್ಯರು ಕೂರುವ ವಸ್ತು ಅಲ್ವಾ, ಅದಕ್ಕೇ ಮೊದಲು ಈ ಲೆಕ್ಕ ಬಗೆಹರಿಸಿಕೊಂಡು ಆಮೇಲೆ ಸೀಟಿಗೆ ಕೈ ಹಾಕಿದೆ.

ಹಾಗಾಗಿ ಈ ಬರಹದ ಮುಕ್ಕಾಲು ಭಾಗ ಪಟ್ಟಿಗಳನ್ನು ಮುರಿಯುವ ಕಥೆ. ಸೀಟು ಕೊನೆಯಲ್ಲಿ ಬರುತ್ತದೆ.

ಮುರಿಯುವ ಏರ್ಪಾಡು

ಎರಡು ಮರದ ತುಂಡು, ಅವುಗಳ ಮೇಲೆ ಎರಡು ಕಬ್ಬಿಣದ ಸರಳು, ಸರಳುಗಳ ನಡುವೆ 80 ಮಿಲಿಮೀಟರ್ ಅಂತರ. ಪಟ್ಟಿಯನ್ನು ಅಡ್ಡ ಇಟ್ಟು, ನಟ್ಟನಡುವೆ ಇನ್ನೊಂದು ಸರಳಿನಿಂದ ಬಕೆಟ್ ನೇತುಹಾಕಿದೆ. ಬಕೆಟ್ ನೆಲದಿಂದ ನಾಲ್ಕು ಬೆರಳು ಮಾತ್ರ ಮೇಲಿರಲಿ, ಕೆಳಗೆ ಹಳೆ ರಗ್ಗು ಹಾಸಿ. ಪೈಪಿನಿಂದ ನೀರು ಸಣ್ಣಗೆ ಬಿಡುತ್ತಾ ಹೋಗುವುದು, ಪಟ್ಟಿ ಮುರಿದ ಕೂಡಲೇ ನಲ್ಲಿ ನಿಲ್ಲಿಸಿ ಬಕೆಟ್ ತೂಗುವುದು. ಇಷ್ಟೇ. ಕನ್ನಡಕ ಹಾಕಿಕೊಳ್ಳಿ, ಎಪಾಕ್ಸಿ ಚೂರು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು.

ಲೆಕ್ಕ ಹೀಗೆ: ಮೂರು ಸಲ ಭಾರ, ಅದಕ್ಕೆ ಆಧಾರಗಳ ಅಂತರದ ಗುಣಾಕಾರ, ಬಂದದ್ದನ್ನು ಎರಡು ಸಲ ಅಗಲ ಗುಣಿಸು ದಪ್ಪ ಗುಣಿಸು ದಪ್ಪದಿಂದ ಭಾಗಿಸಬೇಕು. ಭಾರ ನ್ಯೂಟನ್‌ನಲ್ಲಿ (ಒಂದು ಕಿಲೋ ಅಂದರೆ ಸುಮಾರು 9.8 ನ್ಯೂಟನ್), ಅಳತೆಗಳು ಮಿಲಿಮೀಟರಿನಲ್ಲಿ ಇದ್ದರೆ ಉತ್ತರ ನೇರವಾಗಿ ಮೆಗಾಪಾಸ್ಕಲ್. ನನ್ನ ಪಟ್ಟಿಗಳು 15 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪ. ಅಂದರೆ ಬಕೆಟ್ಟಿನ ಒಂದು ಕಿಲೋಗೆ ಸುಮಾರು 8.7 ಮೆಗಾಪಾಸ್ಕಲ್. ದಪ್ಪ ಎರಡು ಸಲ ಬರುವುದನ್ನು ಗಮನಿಸಿ. 3 ಮಿಲಿಮೀಟರ್ ಅಂದುಕೊಂಡದ್ದು ನಿಜಕ್ಕೂ 3.1 ಇದ್ದರೆ ಬಲದ ಲೆಕ್ಕ ಆಗಲೇ 7 ಶೇಕಡಾ ತಪ್ಪು. ಹಾಗಾಗಿ ಪ್ರತಿ ಪಟ್ಟಿಯನ್ನೂ ಮುರಿಯುವ ಜಾಗದಲ್ಲೇ ವರ್ನಿಯರ್ ಹಿಡಿದು ಅಳೆದೆ. ಕಡಿಮೆ ದುಡಿಮೆಯಲ್ಲಿ ಜಾಸ್ತಿ ಲಾಭ ಕೊಡುವ ಕೆಲಸ ಇದೇ.

ಐಎಸ್‌ಒ 178 ಎನ್ನುವ ಪರೀಕ್ಷಾ ವಿಧಾನದಲ್ಲಿ ಆಧಾರಗಳ ಅಂತರ ದಪ್ಪದ 16 ಪಟ್ಟು. ನಾನು ಅದಕ್ಕಿಂತ ಅಗಲ ಇಟ್ಟುಕೊಂಡೆ, ಯಾಕೆಂದರೆ 48 ಮಿಲಿಮೀಟರ್ ಅಂತರ ಇಟ್ಟರೆ ಗಟ್ಟಿ ಪಟ್ಟಿಗಳಿಗೆ ಬಕೆಟ್ಟೇ ಸಾಲುವುದಿಲ್ಲ. ಬಾಗುವುದೂ ಜಾಸ್ತಿ ಕಾಣುತ್ತದೆ, ಅಳೆಯಲು ಸುಲಭ.

ಬಲ ಬೇರೆ, ಬಿಗಿತನ ಬೇರೆ. ಎಷ್ಟು ಭಾರಕ್ಕೆ ಮುರಿಯುತ್ತದೆ ಅನ್ನುವುದು ಬಲ, 5 ಕಿಲೋ ಹಾಕಿದಾಗ ಎಷ್ಟು ಬಾಗುತ್ತದೆ ಅನ್ನುವುದು ಬಿಗಿತನ. ಎರಡನ್ನೂ ಬರೆದಿಟ್ಟುಕೊಳ್ಳಿ. ಸೀಟಿನ ವಿಷಯದಲ್ಲಿ ಎರಡನೆಯದೇ ಮೊದಲು ಕೈಕೊಡುತ್ತದೆ.

ಹಲಗೆ ಮಾಡಿದ್ದು

ಮೊದಲು ಬರೀ ಎಪಾಕ್ಸಿಯ ಹಲಗೆ. ಆಮೇಲೆ ಸೆಣಬಿನ ಬಟ್ಟೆಯದು ಮೂರು ಬಗೆ: ತಂದ ಹಾಗೇ ಹಾಕಿದ್ದು, ತೊಳೆದು ಒಣಗಿಸಿದ್ದು, ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆದು ಒಣಗಿಸಿದ್ದು. ಒಂದೇ ದಿಕ್ಕಿಗೆ ಬಾಚಿ ಎಳೆದು ಕಟ್ಟಿದ ಕತ್ತಾಳೆ ನಾರು. ಎಲ್ಲ ದಿಕ್ಕಿಗೂ ಹರಡಿದ ತೆಂಗಿನ ನಾರು. ಹೋಲಿಕೆಗೆ ಗ್ಲಾಸ್ ಫೈಬರ್ ಬಟ್ಟೆ.

ತೊಳೆಯುವ ಮಾತು ಯಾಕೆ ಬಂತೆಂದರೆ, ಗೋಣಿಚೀಲದ ಬಟ್ಟೆಗೆ ಒಂದು ಎಣ್ಣೆ ವಾಸನೆ ಇರುತ್ತದಲ್ಲ, ಅದು ಬರೀ ಸೆಣಬಿನ ವಾಸನೆ ಅಲ್ಲ. ನೂಲುವ ಮುಂಚೆ ಸೆಣಬನ್ನು ಮೆದುಗೊಳಿಸಲು ಗಿರಣಿಯಲ್ಲಿ ಎಣ್ಣೆ ಕಲಸಿದ ನೀರು ಸಿಂಪಡಿಸುತ್ತಾರೆ. ಆ ಎಣ್ಣೆ ನಾರಿನ ಮೇಲೇ ಉಳಿದಿರುತ್ತದೆ. ಎಣ್ಣೆ ಮೆತ್ತಿದ ಮೈಗೆ ಯಾವ ಅಂಟು ಹಿಡಿಯುತ್ತದೆ ಹೇಳಿ. ಬಿಸಿನೀರು, ಬಟ್ಟೆ ಸೋಪಿನ ಪುಡಿ, ಒಂದು ಗಂಟೆ ನೆನೆ, ಆಮೇಲೆ ನೊರೆ ಪೂರ್ತಿ ಹೋಗುವವರೆಗೆ ಜಾಲಿಸುವುದು. ನೀರಿನ ಮೇಲೆ ತೆಳ್ಳಗೆ ಬಣ್ಣಬಣ್ಣದ ಪೊರೆ ಬರುತ್ತದೆ, ನೋಡಿದರೆ ಗೊತ್ತಾಗುತ್ತದೆ.

ಒಣಗಿಸುವುದು ಇನ್ನೂ ಮುಖ್ಯ. ಮುಟ್ಟಿದರೆ ಒಣಗಿದೆ ಅನಿಸುವ ಸೆಣಬಿನಲ್ಲೂ ತೂಕದ ಹತ್ತು ಶೇಕಡಾದಷ್ಟು ನೀರು ಇರುತ್ತದೆ, ಗಾಳಿಯಿಂದಲೇ ಹೀರಿಕೊಂಡಿರುತ್ತದೆ. ಓವನ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್ಸಿಗಿಂತ ಸ್ವಲ್ಪ ಜಾಸ್ತಿ ಇಟ್ಟು, ಆಗಾಗ ತೂಗುತ್ತಾ, ತೂಕ ಇಳಿಯುವುದು ನಿಂತ ಮೇಲೆ ತೆಗೆದೆ. ತೆಗೆದ ಮೇಲೆ ಹೊರಗೆ ಬಿಟ್ಟರೆ ಮತ್ತೆ ಹೀರಲು ಶುರು. ತಕ್ಕಡಿಯ ಮೇಲೇ ಬಿಟ್ಟು ನೋಡಿ, ಅಂಕಿ ಕಣ್ಣೆದುರೇ ಏರುತ್ತದೆ. ಆದ್ದರಿಂದ ಅಚ್ಚು, ಬ್ರಷ್, ರೆಸಿನ್ ಎಲ್ಲ ಸಿದ್ಧ ಇಟ್ಟುಕೊಂಡು, ಬಟ್ಟೆ ಬೆಚ್ಚಗಿರುವಾಗಲೇ ಹಾಕಿದೆ. ಬೆಚ್ಚಗಿನ ಬಟ್ಟೆಯಲ್ಲಿ ರೆಸಿನ್ ತೆಳುವಾಗಿ ಬೇಗ ಇಳಿಯುತ್ತದೆ ಅನ್ನುವುದು ಇನ್ನೊಂದು ಲಾಭ. ಗಟ್ಟಿಯಾಗುವುದೂ ಬೇಗ ಅನ್ನುವುದು ಅದರ ಬೆಲೆ.

ಕಾಸ್ಟಿಕ್ ಸೋಡಾ 5 ಶೇಕಡಾ ದ್ರಾವಣ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ನೀರನ್ನು ಸೋಡಾದ ಮೇಲೆ ಸುರಿಯಲೇಬಾರದು, ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಪ್ಲಾಸ್ಟಿಕ್ ಟಬ್ ಸಾಕು. ಬಟ್ಟೆ ಹಾಕಿದ ಸ್ವಲ್ಪ ಹೊತ್ತಿಗೇ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ನಾರಿನ ಮೇಲ್ಮೈಯ ಮೇಣ, ಜೊತೆಗೆ ನಾರಿನೊಳಗಿನ ಎಳೆಗಳನ್ನು ಅಂಟಿಸಿ ಹಿಡಿದಿಡುವ ಹೆಮಿಸೆಲ್ಯುಲೋಸ್, ಸ್ವಲ್ಪ ಲಿಗ್ನಿನ್ ಕರಗಿ ಬರುವ ಬಣ್ಣ ಅದು. ಜಾನ್ ಮರ್ಸರ್ 1844ರಲ್ಲಿ ಹತ್ತಿ ಬಟ್ಟೆಗೆ ಮಾಡಿದ ಉಪಚಾರದ ತಮ್ಮ ಇದು ಅನ್ನಬಹುದು, ಮರ್ಸರೈಸ್ಡ್ ಅನ್ನುವ ಹೆಸರು ಬಂದದ್ದು ಅವನಿಂದಲೇ. ಹೊರತೆಗೆದು ಬಹಳ ಸಲ ಜಾಲಿಸಿ, ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿದೆ. ಬಟ್ಟೆ ಕುಗ್ಗುತ್ತದೆ, ಹಾಗಾಗಿ ಅಳತೆಗೆ ಕತ್ತರಿಸುವುದು ಒಣಗಿದ ಮೇಲೆಯೇ.

ರೆಸಿನ್ ಹಚ್ಚುವಾಗ ಕಣ್ಣೇ ಮೀಟರ್. ಒಣ ಸೆಣಬು ತಿಳಿ ಹೊನ್ನಿನ ಬಣ್ಣ, ರೆಸಿನ್ ಇಳಿದ ಸೆಣಬು ಗಾಢ ಕಂದು. ಬ್ರಷ್ಷಿನಿಂದ ಎಳೆಯದೆ ಕುಟ್ಟಬೇಕು, ಎಳೆದರೆ ನೂಲು ಸರಿಯುತ್ತದೆ. ನೂಲಿನ ಹೊರಗೆ ಗಾಢವಾಗಿ, ಒಳಗೆ ಇನ್ನೂ ಒಣಗಿರುವುದು ಸಾಮಾನ್ಯ. ಕುಟ್ಟುತ್ತಿದ್ದಂತೆ ಒಳಗಿನ ಗಾಳಿ ಸೂಜಿಮೊನೆಯಷ್ಟು ಗುಳ್ಳೆಗಳಾಗಿ ಹೊರಗೆ ಬರುತ್ತದೆ. ಬರುವುದು ನಿಲ್ಲುವವರೆಗೆ ಮುಂದಿನ ಪದರ ಹಾಕಲಿಲ್ಲ. ಗ್ಲಾಸ್ ಬಟ್ಟೆಗೆ ತನ್ನ ತೂಕದಷ್ಟು ರೆಸಿನ್ ಹೆಚ್ಚುಕಡಿಮೆ ಸಾಕು, ಸೆಣಬಿಗೆ ಎರಡರಷ್ಟು ಬೇಕು. ಅಷ್ಟು ರೆಸಿನ್ನನ್ನು ಒಂದೇ ಆಳದ ಡಬ್ಬಿಯಲ್ಲಿ ಕಲಸಿ ಇಡಬೇಡಿ, ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡುತ್ತದೆ. ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಕಲಸಿ. ಮೇಣ ಹಚ್ಚಿದ ಎರಡು ಹಲಗೆಗಳ ನಡುವೆ ಇಟ್ಟು, 3 ಮಿಲಿಮೀಟರ್ ದಪ್ಪಕ್ಕೆ ನಿಲ್ಲುವಂತೆ ಮೂಲೆಗಳಲ್ಲಿ ತುಂಡು ಇಟ್ಟು, ಕ್ಲಾಂಪ್ ಬಿಗಿದೆ.

ಉಳಿದ ಬಲದ ಲೆಕ್ಕ

300 ಬೈ 200 ಮಿಲಿಮೀಟರ್ ಹಲಗೆ, ಸೆಣಬಿನ ನಾಲ್ಕು ಪದರ. ಒಣ ಬಟ್ಟೆ 72 ಗ್ರಾಂ, ತಯಾರಾದ ಹಲಗೆ 222 ಗ್ರಾಂ, ಅಂದರೆ ರೆಸಿನ್ 150. ನಾರಿನ ಸಾಂದ್ರತೆ 1.45, ರೆಸಿನ್ನಿನದು 1.15 ಅಂತ ಹಿಡಿದರೆ ನಾರು 50 ಘನ ಸೆಂಟಿಮೀಟರ್, ರೆಸಿನ್ 130. ಒಟ್ಟು 180ರಲ್ಲಿ 50, ಅಂದರೆ ಹಲಗೆಯ ಗಾತ್ರದಲ್ಲಿ ನಾರಿನ ಪಾಲು 28 ಶೇಕಡಾ ಮಾತ್ರ.

ಈಗ ಮೊದಲ ಪ್ರಶ್ನೆಗೆ ಬನ್ನಿ. ಎಳೆಯ ಬಲ 600 ಅಂತ ಇಟ್ಟುಕೊಳ್ಳಿ. ಅದರ 28 ಶೇಕಡಾ 168. ನೇಯ್ದ ಬಟ್ಟೆಯಲ್ಲಿ ಅರ್ಧ ನೂಲು ಉದ್ದಕ್ಕೆ, ಅರ್ಧ ಅಡ್ಡಕ್ಕೆ. ಅಡ್ಡ ಹೋದದ್ದು ಈ ಭಾರಕ್ಕೆ ಕೆಲಸ ಮಾಡುವುದಿಲ್ಲ. ಉಳಿದದ್ದು 84. ರೆಸಿನ್ ತನ್ನ ಪಾಲಿಗೆ 30 ಚಿಲ್ಲರೆ ಸೇರಿಸುತ್ತದೆ. ನೂಲಿಗೆ ಹುರಿ ಇದೆ, ನೇಯ್ಗೆಯಲ್ಲಿ ಮೇಲೆ ಕೆಳಗೆ ಹೋಗುವ ಬಳುಕು ಇದೆ, ಹಾಗಾಗಿ ನಾರು ಯಾವತ್ತೂ ನೇರವಾಗಿ ಎಳೆಯಲ್ಪಡುವುದಿಲ್ಲ, ಅದರಲ್ಲಿ ಇನ್ನಷ್ಟು ಹೋಯಿತು. ಕೊನೆಗೆ ಅಂಟಿನ ಹಿಡಿತ. ಬಲ ಎಲ್ಲೂ ಮಾಯವಾಗಿಲ್ಲ, ಒಂದೊಂದು ಕಡೆ ಸೋರಿದೆ. ಸೋರುವ ಜಾಗಗಳಲ್ಲಿ ನಮ್ಮ ಕೈಯಲ್ಲಿರುವುದು ದಿಕ್ಕು ಮತ್ತು ಹಿಡಿತ. ಹಸ್ತದ ಬಲದಿಂದ ಒತ್ತಿ ಮಾಡುವ ಹಲಗೆಯಲ್ಲಿ ನಾರಿನ ಪಾಲನ್ನು ಬಹಳ ಏರಿಸುವುದು ಕಷ್ಟ.

ಬಿಗಿತನಕ್ಕೂ ಇದೇ ಲೆಕ್ಕ. ಸೆಣಬಿನ ಮಾಡ್ಯುಲಸ್, ಅಂದರೆ ಬಿಗಿತನದ ಅಳತೆ, 20 ಗಿಗಾಪಾಸ್ಕಲ್ (ಒಂದು ಗಿಗಾ ಅಂದರೆ ಸಾವಿರ ಮೆಗಾ) ಅಂತ ತಗೊಂಡು 28 ಶೇಕಡಾ, ಅದರಲ್ಲಿ ಅರ್ಧ, 2.8. ರೆಸಿನ್ 3ರ 72 ಶೇಕಡಾ, 2.2. ಒಟ್ಟು 5. ಪಟ್ಟಿಯ ಮೇಲೆ 5 ಕಿಲೋ ಹಾಕಿದಾಗ ಬಾಗಿದ್ದು 3 ಮಿಲಿಮೀಟರಿಗಿಂತ ಕೂದಲಷ್ಟು ಜಾಸ್ತಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೂ 5ರ ಹತ್ತಿರವೇ ಬರುತ್ತದೆ. ಬಕೆಟ್ಟು, ಕಾಗದದ ಲೆಕ್ಕ ಎರಡೂ ಒಪ್ಪಿದಾಗ ಸಿಗುವ ಖುಷಿಯೇ ಬೇರೆ.

ಮುರಿದಾಗ

ಬರೀ ಎಪಾಕ್ಸಿ ಪಟ್ಟಿ ಸುಮಾರು 9 ಕಿಲೋಗೆ ಪಟ್ ಅಂತ ಎರಡಾಯಿತು. ಮುರಿಯುವ ಮುಂಚೆ ಚೆನ್ನಾಗಿ ಬಾಗಿತ್ತು.

ತಂದ ಹಾಗೇ ಹಾಕಿದ ಸೆಣಬು 8 ಕಿಲೋ ಸಹ ಮುಟ್ಟಲಿಲ್ಲ. ನಾರು ಹಾಕಿದ್ದು ನಾರು ಹಾಕದ್ದಕ್ಕಿಂತ ಬಡಕಲು! ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ಎದುರಿಗೇ ಇದೆ. ಉದ್ದುದ್ದ ಎಳೆಗಳು ರೆಸಿನ್‌ನಿಂದ ಜಾರಿ ಹೊರಬಂದು ಗಡ್ಡದಂತೆ ನೇತಾಡುತ್ತಿವೆ. ಎಳೆಗಳ ಮೈ ಬತ್ತಲೆ, ಒಂದು ಚೂರೂ ರೆಸಿನ್ ಅಂಟಿಲ್ಲ. ಇನ್ನೊಂದು ತುಂಡಿನಲ್ಲಿ ಅವು ಇದ್ದ ಜಾಗದಲ್ಲಿ ನುಣುಪಾದ ತೂತುಗಳು. ಅಂದರೆ ಆ ನಾರು ಬಲ ಹೊತ್ತೇ ಇಲ್ಲ, ರೆಸಿನ್ನಿನ ಒಳಗೆ ತೂತು ಮಾಡಿಕೊಂಡು ಕೂತಿತ್ತು ಅಷ್ಟೇ.

ತೊಳೆದು ಒಣಗಿಸಿದ್ದು 11 ಕಿಲೋ, ಅಂದರೆ 96 ಮೆಗಾಪಾಸ್ಕಲ್. ಕಾಸ್ಟಿಕ್ ಉಪಚಾರದ್ದು 12ರಿಂದ 13ರ ನಡುವೆ. ಈ ಪಟ್ಟಿಯ ಮುರಿದ ತುದಿಯಲ್ಲಿ ಗಡ್ಡವಿಲ್ಲ. ಕತ್ತರಿಸಿದ ಹುಲ್ಲಿನಷ್ಟು ಮೋಟು ಎಳೆಗಳು, ಅವುಗಳ ಬುಡದಲ್ಲಿ ರೆಸಿನ್ ಚೂರು ಅಂಟಿಕೊಂಡಿವೆ. ನಾರು ಜಾರದೆ ಹರಿದಿದೆ. ನಮಗೆ ಬೇಕಾದದ್ದು ಇದೇ. ಆದರೆ ಒಂದು ಮಾತು ಗಮನಿಸಿ: ದೊಡ್ಡ ಜಿಗಿತ ಬಂದದ್ದು ಸೋಪಿನ ನೀರು ಮತ್ತು ಓವನ್ನಿನಿಂದ, ಕಾಸ್ಟಿಕ್ ಸೇರಿಸಿದ್ದು ಅದರ ಮೇಲೆ ಸ್ವಲ್ಪ. ಮನೆಯಲ್ಲಿ ಮಕ್ಕಳಿದ್ದು ಕಾಸ್ಟಿಕ್ ಇಡುವುದು ಬೇಡ ಅನಿಸಿದರೆ ಬಿಟ್ಟುಬಿಡಿ, ಒಣಗಿಸುವುದನ್ನು ಮಾತ್ರ ಬಿಡಬೇಡಿ.

ಕತ್ತಾಳೆ ಪಟ್ಟಿ, ನಾರಿನ ದಿಕ್ಕಿಗೆ ಉದ್ದವಾಗಿ ಕತ್ತರಿಸಿದ್ದು, 18 ಕಿಲೋ ತಡೆಯಿತು. 5 ಕಿಲೋಗೆ ಬಾಗಿದ್ದು 2 ಮಿಲಿಮೀಟರಿಗಿಂತ ಕಡಿಮೆ. ಒಂಟಿ ಎಳೆಯ ಬಲದಲ್ಲಿ ಕತ್ತಾಳೆ ಸೆಣಬಿಗಿಂತ ಅಂಥ ಮೇಲೇನಲ್ಲ, ಎರಡೂ ಹೆಚ್ಚುಕಡಿಮೆ ಒಂದೇ ಸಾಲು. ಇಲ್ಲಿ ಗೆದ್ದದ್ದು ದಿಕ್ಕು. ಹುರಿಯಿಲ್ಲ, ನೇಯ್ಗೆಯಿಲ್ಲ, ಎಲ್ಲ ಎಳೆಯೂ ಒಂದೇ ಕಡೆ ಮುಖ ಮಾಡಿ ಮಲಗಿದೆ. ಅದೇ ಹಲಗೆಯಿಂದ ಅಡ್ಡ ದಿಕ್ಕಿಗೆ ಕತ್ತರಿಸಿದ ಪಟ್ಟಿ 3 ಕಿಲೋಗೇ ಸೀಳಿತು, ಬರೀ ರೆಸಿನ್ನಿನ ಮೂರನೇ ಒಂದು ಪಾಲು. ಅಡ್ಡ ದಿಕ್ಕಿನಲ್ಲಿ ಪ್ರತಿ ನಾರೂ ಒಂದು ಬಿರುಕು ಶುರುವಾಗುವ ಜಾಗ.

ತೆಂಗಿನ ನಾರಿನದು ಬೇರೆಯೇ ಸ್ವಭಾವ. 6 ಕಿಲೋಗೆ ಲಟಕ್ ಅಂದಿತು, ಆದರೆ ಎರಡಾಗಲಿಲ್ಲ. ಬಿರುಕು ಬಿಟ್ಟು, ಜೋತುಬಿದ್ದು, ಬಕೆಟ್ಟನ್ನು ಹಿಡಿದುಕೊಂಡೇ ನಿಂತಿತ್ತು. ಸೆಣಬಿನಲ್ಲಿ ನಾರಿಗೆ ಬಲ ಕೊಡುವ ಸೆಲ್ಯುಲೋಸ್ 60 ಶೇಕಡಾಕ್ಕಿಂತ ಮೇಲೆ, ತೆಂಗಿನ ನಾರಿನಲ್ಲಿ 40ರ ಆಸುಪಾಸು, ಅಷ್ಟೇ ಲಿಗ್ನಿನ್. ಜೊತೆಗೆ ಇದರ ಒಳಗಿನ ಸೆಲ್ಯುಲೋಸ್ ಎಳೆಗಳು ನಾರಿನ ಉದ್ದಕ್ಕೆ ನೇರವಾಗಿಲ್ಲ, ಓರೆಯಾಗಿ ಸುತ್ತಿಕೊಂಡಿವೆ. ಸೆಣಬು 2 ಶೇಕಡಾ ಹಿಗ್ಗುವ ಮುಂಚೆಯೇ ಹರಿಯುತ್ತದೆ, ತೆಂಗಿನ ನಾರು 15 ಶೇಕಡಾ, ಕೆಲವು ಸಲ ಅದಕ್ಕೂ ಜಾಸ್ತಿ ಹಿಗ್ಗುತ್ತದೆ. ಎಪಾಕ್ಸಿ ಹಿಗ್ಗಿ ಬಿರುಕು ಬಿಡುವ ಹೊತ್ತಿಗೆ ತೆಂಗಿನ ನಾರು ಇನ್ನೂ ಮೈಮುರಿದು ಏಳುತ್ತಿರುತ್ತದೆ. ಹೊರೆ ಹೊರಲು ಇದು ಬೇಡ. ಒಡೆದರೂ ಚೂರಾಗಿ ಹಾರಬಾರದು ಅನ್ನುವ ಮುಚ್ಚಳ, ಮಡ್‌ಗಾರ್ಡಿನಂಥದ್ದಕ್ಕೆ ಒಳ್ಳೆಯದು.

ಗ್ಲಾಸ್ 27 ಕಿಲೋ. ಬಕೆಟ್ ತುಂಬಿದ ಮೇಲೆ ಕಬ್ಬಿಣದ ತುಂಡು ಹಾಕಬೇಕಾಯಿತು. ಗಿಡದ ನಾರು ಗ್ಲಾಸಿಗಿಂತ ಬಲ ಅಂತ ಯಾರಾದರೂ ಹೇಳಿದರೆ ಒಂದು ಬಕೆಟ್ ಕೊಡಿ. ಗಿಡದ ನಾರಿನ ಸಾಂದ್ರತೆ 1.5ರ ಒಳಗೆ, ಗ್ಲಾಸಿನದು 2.5, ಹಗುರ ಅನ್ನುವುದು ನಿಜ. ಆದರೆ ಅದೂ ತಾನಾಗಿ ಸಿಗುವ ಲಾಭವಲ್ಲ. ಬಾಗುವ ಹಲಗೆಯ ಬಿಗಿತನ ದಪ್ಪದ ಘನಕ್ಕೆ ಏರುತ್ತದೆ, ಹಾಗಾಗಿ ನನ್ನ ಗ್ಲಾಸ್ ಹಲಗೆಯ ಬಿಗಿತನಕ್ಕೆ ಸಮ ಬರಲು ನೇಯ್ದ ಸೆಣಬಿನ ಹಲಗೆ 34 ಶೇಕಡಾ ದಪ್ಪ ಇರಬೇಕು, ಆಗ ತೂಕ ಗ್ಲಾಸಿಗಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ. ನೇರವಾಗಿ ಮಲಗಿಸಿದ ಕತ್ತಾಳೆಗೆ 10 ಶೇಕಡಾ ದಪ್ಪ ಸಾಕು, ಆಗ ತೂಕ ನಿಜಕ್ಕೂ ಇಳಿಯುತ್ತದೆ. ಗ್ಲಾಸಿನ ಧೂಳು ಚರ್ಮಕ್ಕೆ ಕೊಡುವ ನವೆ ಇಲ್ಲ ಅನ್ನುವುದು ನನ್ನ ಪಾಲಿಗೆ ದೊಡ್ಡ ಲಾಭ. ಮಾಸ್ಕ್ ಹೇಗೂ ಬೇಕು, ಎಪಾಕ್ಸಿ ಧೂಳು ಇದ್ದೇ ಇದೆ.

ಒಂದೇ ಹಲಗೆಯಿಂದ ಕತ್ತರಿಸಿದ ಪಟ್ಟಿಗಳಲ್ಲೂ ಸೆಣಬಿನದು ಒಂದಕ್ಕೊಂದು ಒಂದೂವರೆ ಕಿಲೋ ವ್ಯತ್ಯಾಸ ತೋರಿಸಿತು, ಗ್ಲಾಸಿನದು ಅಷ್ಟಿಲ್ಲ. ಗಿಡ ಬೆಳೆದ ಮಣ್ಣು, ಕೊಯ್ದ ಕಾಲ, ಕೊಳೆಹಾಕಿದ ರೀತಿ, ಎಲ್ಲವೂ ನಾರಿನಲ್ಲಿ ಕೂತಿರುತ್ತದೆ. ಆದ್ದರಿಂದ ಸೀಟಿನ ಲೆಕ್ಕಕ್ಕೆ ಸರಾಸರಿ ಬಿಟ್ಟು ಎಲ್ಲಕ್ಕಿಂತ ಬಡಕಲು ಪಟ್ಟಿಯ ಅಂಕಿ ತಗೊಂಡೆ.

ನೀರು

ಬೇರೆ ಪಟ್ಟಿಗಳನ್ನು ಒಂದು ವಾರದ ಮೇಲೆ ನೀರಲ್ಲಿ ಮುಳುಗಿಸಿಟ್ಟೆ. ಕತ್ತರಿಸಿದ ಅಂಚು ಹಾಗೇ ಬಿಟ್ಟ ಸೆಣಬಿನ ಪಟ್ಟಿ 5.5 ಗ್ರಾಂ ಇದ್ದದ್ದು 5.8 ಆಯಿತು, 11ರ ಬದಲು 8 ಕಿಲೋಗೆ ಮುರಿಯಿತು. ಅಂಚಿಗೆ ಎಪಾಕ್ಸಿ ಬಳಿದದ್ದು ಹೀರಿದ್ದು ಅದರ ಮೂರನೇ ಒಂದು ಪಾಲು, 10ರ ಹತ್ತಿರ ತಡೆಯಿತು. ನೀರು ಅಗಲವಾದ ಮೈಯಿಂದ ಬರುವುದಕ್ಕಿಂತ ಕತ್ತರಿಸಿದ ತುದಿಯಿಂದ ಜಾಸ್ತಿ ಬರುತ್ತದೆ, ನಾರಿನ ಒಳಗೇ ಕೊಳವೆ ಇದೆಯಲ್ಲ. ಊದಿದ ನಾರು ಸುತ್ತಲಿನ ರೆಸಿನ್ನನ್ನು ತಳ್ಳಿ ಸಣ್ಣ ಬಿರುಕು ಮಾಡುತ್ತದೆ, ಆಮೇಲೆ ಒಣಗಿ ಕುಗ್ಗಿದಾಗ ಹಿಡಿತ ಬಿಟ್ಟಿರುತ್ತದೆ. ಹಾಗಾಗಿ ನೆನೆದದ್ದು ಒಣಗಿದರೆ ಬಲ ಪೂರ್ತಿ ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ.

ಇನ್ನೊಂದು ಪಟ್ಟಿಗೆ ಮುರಿಯುವ ಭಾರದ ಅರ್ಧ ಹಾಕಿ ರಾತ್ರಿಯಿಡೀ ಬಿಟ್ಟೆ. ಮುರಿಯಲಿಲ್ಲ, ಆದರೆ ಬೆಳಗ್ಗೆ ಬಾಗು ಜಾಸ್ತಿಯಾಗಿತ್ತು, ಭಾರ ತೆಗೆದ ಮೇಲೂ ಸ್ವಲ್ಪ ಉಳಿಯಿತು. ಕಪಾಟಿನ ಹಲಗೆ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ. ಸ್ಟೂಲಿನ ಮೇಲೆ ಯಾರೂ ರಾತ್ರಿಯಿಡೀ ಕೂರುವುದಿಲ್ಲ.

ಸೀಟು

ಹಲಗೆ ಬಾಗಿದಾಗ ಜಗ್ಗಾಟ ಎಲ್ಲ ಮೇಲಿನ ಮತ್ತು ಕೆಳಗಿನ ಮೈಯಲ್ಲಿ, ನಡುವೆ ಹೆಚ್ಚುಕಡಿಮೆ ಏನೂ ಇಲ್ಲ. ಹಾಗಾದರೆ ಬಲವಾದದ್ದು ಹೊರಗೆ, ಸಾಧಾರಣದ್ದು ಒಳಗೆ. ಮೇಲೆ ಕತ್ತಾಳೆ ಎರಡು ಪದರ, ಒಂದಕ್ಕೊಂದು ಅಡ್ಡವಾಗಿ. ನಡುವೆ ಸೆಣಬಿನ ಬಟ್ಟೆ ನಾಲ್ಕು ಪದರ. ಕೆಳಗೆ ಮತ್ತೆ ಕತ್ತಾಳೆ ಎರಡು, ಮೇಲಿನದರ ಕನ್ನಡಿ ಬಿಂಬದಂತೆ. ಈ ಜೋಡಿ ತಪ್ಪಿದರೆ ಗಟ್ಟಿಯಾಗುವಾಗ ಹಲಗೆ ಸೊಟ್ಟಗಾಗುತ್ತದೆ. ಸೀಟು ಬಳೆಯ ಮೇಲೆ ಸುತ್ತಲೂ ಕೂರುವುದರಿಂದ ಎಲ್ಲ ದಿಕ್ಕಿಗೂ ಬಾಗುತ್ತದೆ, ಹಾಗಾಗಿ ಅಡ್ಡ ಪದರ ಬೇಕೇ ಬೇಕು.

ಕತ್ತಾಳೆ ಹಾಸುವುದೇ ಬೇಜಾರಿನ ಕೆಲಸ. ಬಾಚಣಿಗೆಯಲ್ಲಿ ಬಾಚಿ, ಮೊಳೆ ಹೊಡೆದ ಚೌಕಟ್ಟಿಗೆ ಎಳೆದು ಕಟ್ಟಿ, ತೆಳ್ಳಗೆ ರೆಸಿನ್ ಬಳಿದು ಅಂಟು ಅಂಟಾಗುವವರೆಗೆ ಬಿಟ್ಟರೆ ಹಾಳೆಯ ಹಾಗೆ ಎತ್ತಬಹುದು. ಬಾಚುವಾಗ ಉದುರಿದ ಗಿಡ್ಡ ನಾರನ್ನು ಪಕ್ಕಕ್ಕಿಡಿ, ತೂತು ತುಂಬಲು ರೆಸಿನ್ ಜೊತೆ ಕಲಸಿದರೆ ಒಳ್ಳೆಯ ಮೆತ್ತೆ ಆಗುತ್ತದೆ.

320 ಮಿಲಿಮೀಟರ್ ದುಂಡು, 6 ಮಿಲಿಮೀಟರ್ ದಪ್ಪ, ಕತ್ತರಿಸಿದ ಮೇಲೆ ತೂಕ 600 ಗ್ರಾಂ ಆಸುಪಾಸು. ನಡುವೆ ಮರಳು ಚೀಲ ಪೇರಿಸಿ 80 ಕಿಲೋ ಹಾಕಿದಾಗ 3 ಮಿಲಿಮೀಟರ್ ಇಳಿಯಿತು, ತೆಗೆದಾಗ ವಾಪಸ್ ಬಂತು. ಒಬ್ಬರು ನಡುವೆ ಒಂಟಿ ಕಾಲಲ್ಲಿ ನಿಂತರೂ ಲೆಕ್ಕದ ಪ್ರಕಾರ ಬಡಕಲು ಸೆಣಬಿನ ಪಟ್ಟಿ ಮುರಿದ ಒತ್ತಡದ ಮೂರನೇ ಒಂದು ಭಾಗ ದಾಟುವುದಿಲ್ಲ. ನಿಂತು ನೋಡಿದ್ದೂ ಆಯಿತು. ತಟ್ಟಿದರೆ ಗ್ಲಾಸಿನ ಹಲಗೆಯಂತೆ ಟಣ್ ಅನ್ನುವುದಿಲ್ಲ, ಮರದಂತೆ ಮಂದ ಸದ್ದು. ಗಿಡದ ನಾರು ಅದುರನ್ನು ನುಂಗುತ್ತದೆ, ಕಾರಿನ ಬಾಗಿಲ ಒಳಹಲಗೆಗಳಿಗೆ ಇದನ್ನು ಬಳಸಲು ಅದೂ ಒಂದು ಕಾರಣ. ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಹೊರಮೈಯೇ ಹತ್ತಿ ನಾರು ಮತ್ತು ಫೀನಾಲಿಕ್ ರೆಸಿನ್ ಸೇರಿಸಿ ಒತ್ತಿದ್ದಾಗಿತ್ತು.

ಇದನ್ನು ಪರಿಸರಸ್ನೇಹಿ ಅಂತ ಮಾರುವವರ ಮಾತು ಅರ್ಧ ಮಾತ್ರ ನಂಬಿ. ನಾರು ಮಣ್ಣಾಗುತ್ತದೆ, ಎಪಾಕ್ಸಿ ಆಗುವುದಿಲ್ಲ, ಕರಗಿಸಿ ಮತ್ತೆ ಎರಕ ಹೊಯ್ಯಲೂ ಆಗುವುದಿಲ್ಲ. ಪಾಲಿಪ್ರೊಪಿಲೀನ್ ಜೊತೆ ಬಿಸಿ ಒತ್ತಿದರೆ ಮತ್ತೆ ಕರಗಿಸಬಹುದು, ಆದರೆ ನಾರು 200 ಡಿಗ್ರಿ ದಾಟಿದರೆ ಸುಡಲು ಶುರು, ಮತ್ತೆ ಆ ಪ್ಲಾಸ್ಟಿಕ್ ನಾರಿಗೆ ತಾನಾಗಿ ಅಂಟುವುದೂ ಇಲ್ಲ. ಮಲೇಯಿಕ್ ಅನ್‌ಹೈಡ್ರೈಡ್ ಸೇರಿಸಿದ ಪಾಲಿಪ್ರೊಪಿಲೀನ್ ಸ್ವಲ್ಪ ಬೆರೆಸಬೇಕು. ನನ್ನ ಮುಂದಿನ ಹಲಗೆ ಅದೇ.

ಸ್ಕ್ರೂ ತೂತುಗಳ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟೆಲ್ಲ ಮಾಡಿ ಅಲ್ಲಿ ಕೆಡಿಸಿಕೊಳ್ಳುವುದು ಸುಲಭ. ಅಂಚಿನಿಂದ 20 ಮಿಲಿಮೀಟರ್ ಒಳಗೆ ಕೊರೆಯಿರಿ, ಕೆಳಗೆ ಮರದ ತುಂಡು ಇಟ್ಟುಕೊಂಡು, ಇಲ್ಲದಿದ್ದರೆ ಕೆಳಗಿನ ಕತ್ತಾಳೆ ಪದರ ಸಿಬಿರು ಏಳುತ್ತದೆ. ತೂತನ್ನು ಬೇಕಾದ್ದಕ್ಕಿಂತ ಒಂದು ಮಿಲಿಮೀಟರ್ ದೊಡ್ಡದು ಮಾಡಿ, ಒಳಗೆ ಎಪಾಕ್ಸಿ ಬಳಿದು ಒಣಗಲು ಬಿಡಿ. ಹೊರ ಅಂಚಿಗೂ ಎರಡು ಕೈ ಬಳಿಯಿರಿ. ಅಗಲ ವಾಷರ್ ಹಾಕಿ, ಸ್ಕ್ರೂ ಮುರಿಯುವ ಹಾಗೆ ಬಿಗಿಯಬೇಡಿ. ಮೇಲೆ ಬಣ್ಣ ಹೊಡೆಯಿರಿ, ತಿಳಿ ಬಣ್ಣವೇ ಇರಲಿ. ಬಿಸಿಲಿಗೆ ಎಪಾಕ್ಸಿ ಹಳದಿಯಾಗುತ್ತದೆ, ಮನೆಯಲ್ಲಿ ಬಿಸಿ ಇಲ್ಲದೆ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಗೇ ಮೆತ್ತಗಾಗಲು ಶುರುವಾಗುತ್ತದೆ. ಕಪ್ಪು ಬಣ್ಣದ ಸೀಟು ಮಧ್ಯಾಹ್ನದ ಬಿಸಿಲಲ್ಲಿ ಅಲ್ಲಿಗೆ ತಲುಪುವುದು ಕಷ್ಟವೇನಲ್ಲ.